ಅರ್ಧ ಒತ್ತಿದಾಗಿನ ಕತ್ತಲು

ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಜಾವೀದನ ಕಣ್ಣಿಗೆ ಕತ್ತಲು ಕವಿಯಿತು.

ಅಜ್ಜಂಪುರದ ಕಲ್ಯಾಣ ಮಂಟಪದಲ್ಲಿ ಗಟ್ಟಿಮೇಳ ಶುರುವಾಗಿತ್ತು. ಬುಕ್ಕಾಂಬುಧಿಯ ರಾಜಶೇಖರ್ ಅವರ ಮಗಳು ಕೋಮಲಾಳ ಮದುವೆ. ಫೋಟೋಗಳೆಲ್ಲ ದೀಪದ ಬೆಳಕಿನಲ್ಲೇ ಬರಬೇಕು, ಕಣ್ಣು ಕುಕ್ಕುವ ಲೈಟು ಬೇಡ ಎಂದು ಮದುಮಗಳೇ ಹೇಳಿದ್ದರಿಂದ ಮಂಟಪದ ಸುತ್ತ ಹಳದಿ ಬಲ್ಬಿನ ಸರಗಳು ಮಾತ್ರ ಉರಿಯುತ್ತಿದ್ದವು. ಜಾವೀದ್ ಮಂಡಿಯೂರಿ ಕೂತು, ಕ್ಯಾಮೆರಾದ ಕಿಂಡಿಗೆ ಬಲಗಣ್ಣು ಒತ್ತಿ, ಫೋಕಸ್ ಹಿಡಿಯಲು ಗುಂಡಿಯನ್ನು ಅರ್ಧ ಅದುಮಿದ. ಎದುರಿಗಿದ್ದ ಹುಡುಗಿಯ ಮುಖ ಮಾಸಿಹೋಯಿತು. ಯಾರೋ ಕಿಟಕಿ ಬಾಗಿಲು ಎಳೆದುಕೊಂಡಂತೆ ಎಲ್ಲ ಬೂದುಬಣ್ಣಕ್ಕೆ ತಿರುಗಿ, ಮರಳು ಎರಚಿದ ಹಾಗೆ ಚುಕ್ಕೆ ಚುಕ್ಕೆಯಾಗಿ ನಡುಗಿತು.

ಅವನು ಕಣ್ಣು ಉಜ್ಜಿಕೊಂಡ. ಎಡಗಣ್ಣು ಇಟ್ಟು ನೋಡಿದ. ಅದಕ್ಕೂ ಅಷ್ಟೇ ಕತ್ತಲು. ಅಕ್ಷತೆ ಹಾರಿಬಂದು ತಲೆಯ ಮೇಲೆ ಬಿತ್ತು. ಅಂದಾಜಿನ ಮೇಲೆ ಗುಂಡಿ ಒತ್ತಿದ, ಮತ್ತೆ ಮತ್ತೆ ಒತ್ತಿದ. ಕ್ಯಾಮೆರಾ ಕೆಳಗಿಳಿಸಿದಾಗ ಕಂಬ, ಹೂವು, ಜನ ಎಲ್ಲ ಬೆಳ್ಳಗೆ ಹೊತ್ತಿಕೊಂಡಂತೆ ಕಂಡು, ಮರುಕ್ಷಣ ಮಂಕಾಗಿ, ಆಮೇಲೆ ಮೊದಲಿನಂತಾಯಿತು. ಪಕ್ಕದಲ್ಲಿದ್ದ ಯಾರೋ "ಏನಾಯ್ತ್ರೀ, ಬೆವರ್ತಾ ಇದೀರಲ್ಲ" ಎಂದರು. "ಸೆಕೆ" ಎಂದ ಜಾವೀದ್.

ಊಟದ ಹೊತ್ತಿನಲ್ಲಿ ಒಂದು ಮೂಲೆಗೆ ಹೋಗಿ, ತೆಗೆದ ಫೋಟೋಗಳನ್ನು ಒಂದೊಂದಾಗಿ ನೋಡಿದ. ಅವನ ಎದೆ ಒಡೆದದ್ದು ಅಲ್ಲಿ. ಫೋಟೋಗಳಲ್ಲಿ ಕತ್ತಲೆ ಇರಲೇ ಇಲ್ಲ. ಬೆಳಕು ಎಷ್ಟು ಬೇಕೋ ಅಷ್ಟಿತ್ತು, ಹಳದಿ ದೀಪಗಳು ಚೆಂದಾಗಿ ಮಿನುಗುತ್ತಿದ್ದವು. ಆದರೆ ತಾಳಿ ಕಟ್ಟುವ ಒಂದು ಫೋಟೋದಲ್ಲೂ ಮುಖ ಸ್ಪಷ್ಟವಾಗಿರಲಿಲ್ಲ. ಫೋಕಸ್ ಹಿಂದಿನ ಬಾಳೆಕಂಬಕ್ಕೆ ಹೋಗಿತ್ತು, ಇಲ್ಲವೇ ಯಾವುದಕ್ಕೂ ಕೂತಿರಲಿಲ್ಲ. ಕ್ಯಾಮೆರಾ ಬೆಳಕನ್ನು ಸರಿಯಾಗಿಯೇ ಹಿಡಿದಿದೆ ಎಂದಮೇಲೆ ಕತ್ತಲಾದದ್ದು ಎಲ್ಲಿ? ಸಮಾಧಾನದಲ್ಲಿರುವ ಮನುಷ್ಯನಾಗಿದ್ದರೆ, ಎರಡು ಕಣ್ಣಿಗೂ ಒಂದೇ ಗಳಿಗೆಯಲ್ಲಿ ಹೀಗಾಗುವುದುಂಟೇ ಎಂದು ಯೋಚಿಸುತ್ತಿದ್ದ. ಜಾವೀದನಿಗೆ ತೋಚಿದ್ದು ಒಂದೇ: ಎರಡೂ ಹೋಗುತ್ತಿವೆ.

ಹಾಗೆ ತೋಚಲು ಕಾರಣ ಕಡೂರಿನ ಅವನ ಮನೆಯ ಜಗುಲಿಯಲ್ಲಿ ಕೂತಿತ್ತು. ಅವನ ತಂದೆ ಅಬ್ದುಲ್ ಗಫೂರ್ ಬೋರ್ಡ್ ಬರೆಯುವ ಕೆಲಸದವರು. ಕಡೂರಿನ ಪೇಟೆಯಲ್ಲಿ, ದೇವನೂರಿನ ಅಂಗಡಿಗಳ ಮೇಲೆ, ಒಂದೆರಡು ಮಠಗಳ ಹೆಬ್ಬಾಗಿಲಿನ ಮೇಲೆ ಅವರ ದುಂಡು ಅಕ್ಷರಗಳು ಇನ್ನೂ ಇವೆ. ಜಾವೀದನಿಗೆ ಈಗಿರುವಷ್ಟೇ ವಯಸ್ಸಿನಲ್ಲಿ ಅವರಿಗೆ ಕಣ್ಣು ಕಾಣದಾಯಿತು. ಮೊದಲು ಮಬ್ಬು ಬೆಳಕಿನಲ್ಲಿ ಕಾಣುತ್ತಿರಲಿಲ್ಲ. ಆಮೇಲೆ ಪಕ್ಕದಲ್ಲಿ ಬರುವವರು ಕಾಣದಾದರು. ಕೊನೆಗೆ ಎದುರಿಗಿದ್ದವರೂ ಕಾಣದಾದರು. ಅಂದಿನಿಂದ ಅವರು ಜಗುಲಿಯ ಮೇಲೆ ಕೂತು, ಹೆಜ್ಜೆಯ ಸದ್ದಿನಲ್ಲೇ ಊರನ್ನು ಗುರುತು ಹಿಡಿಯುತ್ತಾರೆ.

ಅಂದು ಸಂಜೆ ಬೈಕಿನಲ್ಲಿ ಬೀರೂರಿನ ಕಡೆಗೆ ಬರುವಾಗ, ಎದುರಿನಿಂದ ಬಂದ ಲಾರಿಯ ಬೆಳಕು ಮುಖಕ್ಕೆ ಹೊಡೆಯಿತು. ಯಾರಿಗಾದರೂ ಹೊಡೆಯುವ ಬೆಳಕೇ. ಆದರೆ ಜಾವೀದ್ ಹೆದರಿ, ಬೈಕನ್ನು ರಸ್ತೆ ಪಕ್ಕಕ್ಕೆ ಇಳಿಸಿಬಿಟ್ಟ. ಹುಣಸೆ ಮರಕ್ಕೆ ಒರಗಿ ನಿಂತು, ಕೈಯನ್ನು ಮುಖದಿಂದ ದೂರಕ್ಕೆ ಚಾಚಿ, ಬೆರಳುಗಳನ್ನು ಎಣಿಸಿದ. ಎಲ್ಲ ಕಂಡವು. ಅದೂ ಸಾಲದೆ ದೂರದ ಮನೆಯ ದೀಪ ನೋಡಿದ. ಅದು ಒಂದೋ ಎರಡೋ ತಿಳಿಯಲಿಲ್ಲ. ಮನೆ ತಲುಪುವವರೆಗೂ ಬೈಕನ್ನು ನಡೆಯುವ ವೇಗದಲ್ಲೇ ಬಿಟ್ಟುಕೊಂಡು ಬಂದ.

"ಬೇಟಾ, ಗಾಡಿ ಏನಾದ್ರೂ ಕೆಟ್ಟಿತ್ತಾ? ಬೀದಿ ತಿರುಗೋವಾಗಿಂದ ಕೇಳ್ತಿದೀನಿ, ಎಷ್ಟು ಮೆಲ್ಲಗೆ ಬಂದೆ" ಎಂದರು ಗಫೂರ್. ಆ ಮನೆಯ ಮಾತು ದಖ್ಖನಿ ಉರ್ದು.

"ಏನಿಲ್ಲ ಅಬ್ಬಾ, ಪೆಟ್ರೋಲ್ ಕಮ್ಮಿ ಇತ್ತು."

ಸುಳ್ಳು ಅಲ್ಲಿಂದ ಶುರುವಾಯಿತು.

ಹೆಂಡತಿ ಸುಮಯ್ಯಳಿಗೆ ಅವನು ಹೇಳಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ. ಅವಳು ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಆಲ್ಬಮ್ ಜೋಡಿಸುತ್ತಿದ್ದಳು. ಕೋಮಲಾಳ ಮದುವೆಯ ಫೋಟೋ ತೆರೆದು ನೋಡಿದವಳು ಹುಬ್ಬುಗಂಟಿಕ್ಕಿದಳು.

"ಇದೇನಿದು? ತಾಳಿ ಕಟ್ಟೋ ಫೋಟೋ ಒಂದೂ ನಿಂತಿಲ್ಲವಲ್ಲ."

"ಜನ ಅಡ್ಡ ಬಂದ್ರು."

"ಅಡ್ಡ ಯಾರೂ ಇಲ್ಲವಲ್ಲಾ. ನಿಮ್ಮ ಕೈ ನಡುಗಿದೆ."

ಜಾವೀದ್ ಎದ್ದು ಹೊರಗೆ ಹೋದ.

ಮರುದಿನ ಹಗಲಲ್ಲಿ ಅಂಗಡಿಯ ಮುಂದೆ ಅದೇ ಕ್ಯಾಮೆರಾ ಹಿಡಿದು ನೋಡಿದ. ಬಿಸಿಲಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಎದುರಿನ ಹೋಟೆಲಿನ ಗೋಡೆಯ ಬರಹ ಓದಿದ, ಬೀದಿ ಕೊನೆಯ ಲೈಟುಕಂಬದ ತಂತಿ ನೋಡಿದ. ಒಂದು ಗಳಿಗೆ ಮನಸ್ಸು ಹಗುರಾಯಿತು. ಆಮೇಲೆ, ಅಬ್ಬಾಗೂ ಮೊದಮೊದಲು ಹಗಲಲ್ಲಿ ಏನೂ ಆಗುತ್ತಿರಲಿಲ್ಲ ಎಂಬುದು ನೆನಪಾಯಿತು. ಸಂಜೆ ಮಬ್ಬಾದ ಮೇಲೆ ಮತ್ತೊಮ್ಮೆ ನೋಡಬೇಕೆಂದು ಕ್ಯಾಮೆರಾವನ್ನು ಕೈಗೆ ತೆಗೆದುಕೊಂಡ. ಬೆರಳು ಗುಂಡಿಯ ಮೇಲೆ ಇತ್ತು, ಒತ್ತಲು ಧೈರ್ಯ ಸಾಲಲಿಲ್ಲ. ಹಾಗೇ ಚೀಲಕ್ಕೆ ಹಾಕಿಟ್ಟ.

ಆ ದಿನಗಳಲ್ಲಿ ಅವನು ಮನೆಯವರ ಮುಖಗಳನ್ನು ದಿಟ್ಟಿಸುವುದು ಹೆಚ್ಚಾಯಿತು. ಹತ್ತನೇ ಕ್ಲಾಸಿನ ಮಗಳು ಸನಾ ಬಾಗಿಲ ಬೆಳಕಿನಲ್ಲಿ ಕೂತು ಓದುತ್ತಿದ್ದರೆ, ಅವಳ ಹುಬ್ಬಿನ ಪಕ್ಕದ ಚಿಕ್ಕ ಮಚ್ಚೆಯನ್ನು ನೋಡುತ್ತ ನಿಂತುಬಿಡುತ್ತಿದ್ದ. "ಏನು ಅಬ್ಬಾ ಹಂಗೆ ನೋಡ್ತೀರಾ, ಓದಕ್ಕಾಗಲ್ಲ" ಎಂದು ಅವಳು ಗೊಣಗುತ್ತಿದ್ದಳು. ಒಂದು ಮಧ್ಯಾಹ್ನ, ಸ್ಟುಡಿಯೋದಲ್ಲಿ ಯಾರೂ ಇಲ್ಲದಾಗ, ಅವನು ಕಣ್ಣು ಮುಚ್ಚಿಕೊಂಡು ಗೋಡೆ ಸವರುತ್ತ ಬಾಗಿಲಿನಿಂದ ಹಿಂದಿನ ಕೋಣೆಯವರೆಗೆ ನಡೆದ. ತಂದೆ ಹಾಗೆ ನಡೆಯುವುದನ್ನು ನೋಡಿಯೇ ಬೆಳೆದವನು, ಆದರೂ ನಾಲ್ಕು ಹೆಜ್ಜೆಗೆ ಸ್ಟೂಲು ಕಾಲಿಗೆ ತಗುಲಿ, ಲೈಟಿನ ಸ್ಟ್ಯಾಂಡ್ ಮೈಮೇಲೆ ಬಿತ್ತು. ಕಣ್ಣು ಬಿಟ್ಟಾಗ ಸುಮಯ್ಯ ಬಾಗಿಲಲ್ಲಿ ನಿಂತಿದ್ದಳು.

"ಏನ್ಮಾಡ್ತಿದೀರಿ?"

"ಲೆನ್ಸಿನ ಮುಚ್ಚಳ ಬಿದ್ದೋಯ್ತು. ಹುಡುಕ್ತಾ ಇದ್ದೆ."

"ಕಣ್ಣು ಮುಚ್ಕೊಂಡಾ?"

ಜಾವೀದ್ ಸ್ಟೂಲನ್ನು ಪಕ್ಕಕ್ಕೆ ಸರಿಸಿದ. ಸುಮಯ್ಯ ಬಿದ್ದ ಸ್ಟ್ಯಾಂಡನ್ನು ಎತ್ತಿ ನಿಲ್ಲಿಸಿ, ಬಹಳ ಹೊತ್ತು ಅವನ ಮುಖ ನೋಡಿ, ಒಳಗೆ ಹೋದಳು.

ತರೀಕೆರೆಯಲ್ಲಿ ಅವನ ಮಾವನ ಕಡೆಯ ಸಂಬಂಧಿಕರ ಮನೆಯ ನಿಕಾಹ್ ಇತ್ತು. ಹೋಗದೆ ಇರುವ ಹಾಗಿರಲಿಲ್ಲ. ಶಾದಿ ಮಹಲಿನಲ್ಲಿ ಮೊದಲ ಅರ್ಧ ಗಂಟೆ ಏನೂ ಆಗಲಿಲ್ಲ. ಅವನು ಅಲ್ಲಾನ ಹೆಸರು ಹೇಳಿಕೊಳ್ಳುತ್ತಲೇ ಫೋಟೋ ತೆಗೆದ. ಕ್ಯಾಮೆರಾ ಬಿಸಿಯೇರುತ್ತ ಬಂತು. ಖಾಜಿ ಸಾಹೇಬರು ಹುಡುಗನ ಒಪ್ಪಿಗೆ ಕೇಳುವ ಹೊತ್ತಿಗೆ ಮತ್ತೆ ಅದೇ ಬೂದಿ, ಅದೇ ನಡುಗುವ ಮರಳು. ಈ ಸಲ ಜಾವೀದ್ ಪ್ರಯತ್ನವನ್ನೇ ಮಾಡಲಿಲ್ಲ. ಕ್ಯಾಮೆರಾವನ್ನು ಕುರ್ಚಿಯ ಮೇಲಿಟ್ಟು, ಜನರ ನಡುವೆ ದಾರಿ ಮಾಡಿಕೊಂಡು, ಹಿತ್ತಲಿನ ಅಡುಗೆ ಒಲೆಗಳ ಹಿಂದೆ ಹೋಗಿ, ಮಸಾಲೆಯ ಮೂಟೆಗಳ ನಡುವೆ ಕುಸಿದು ಕೂತ. ಹೊಗೆಯ ನೆಪದಲ್ಲಿ ಅತ್ತ. ಹುಡುಗನ ಚಿಕ್ಕಪ್ಪ ಹುಡುಕಿಕೊಂಡು ಬಂದು, "ಏನಪ್ಪಾ, ನಮ್ಮ ಹುಡುಗ ಖಬೂಲ್ ಅಂದಾಯ್ತು, ನೀನು ಇಲ್ಲಿ ಕೂತಿದೀಯಾ? ಕುಡ್ಕೊಂಡು ಬಂದಿದೀಯಾ ಹೆಂಗೆ?" ಎಂದು ಎಲ್ಲರ ಮುಂದೆ ಕೂಗಾಡಿದರು. ಜಾವೀದ್ ಆ ಅಪವಾದವನ್ನೂ ಒಪ್ಪಿಕೊಂಡವನಂತೆ ತಲೆ ತಗ್ಗಿಸಿದ. ಕುಡುಕ ಎನ್ನಿಸಿಕೊಳ್ಳಬಹುದು, ಕುರುಡ ಎನ್ನಿಸಿಕೊಂಡರೆ ನಾಳೆಯಿಂದ ಅಂಗಡಿಗೆ ಯಾರೂ ಬರುವುದಿಲ್ಲ.

ಆ ವಾರವೇ, ಆಲ್ಬಮ್ ಪ್ರಿಂಟಿಗೆ ಕೊಡಬೇಕೆಂದು ಮನೆಯಲ್ಲಿ ಹೇಳಿ, ರೈಲು ಹತ್ತಿ ಶಿವಮೊಗ್ಗದ ಒಂದು ಕಣ್ಣಿನ ಆಸ್ಪತ್ರೆಗೆ ಹೋದ. ತಂದೆಯ ಕಥೆ ಕೇಳಿದ ಅಲ್ಲಿಯ ನರ್ಸು ಅವನನ್ನು ಬೇರೆಯವರಿಗಿಂತ ಮುಂಚೆ ಒಳಗೆ ಕರೆದಳು. ಒಂದು ಬಿಳಿ ಬಟ್ಟಲಿನಂಥ ಯಂತ್ರದೊಳಗೆ ಮುಖ ಇಟ್ಟು, ಸಾಸಿವೆ ಕಾಳಿನಷ್ಟು ಬೆಳಕು ಎಲ್ಲಿ ಕಂಡರೂ ಗುಂಡಿ ಒತ್ತಬೇಕು. ಜಾವೀದ್ ಒತ್ತಿದ. ಸ್ವಲ್ಪ ಹೊತ್ತು ಏನೂ ಕಾಣದಿದ್ದರೆ, ಬೆಳಕು ಬಂದಿದ್ದು ತನಗೆ ಕಾಣಲಿಲ್ಲವೋ ಏನೋ ಎಂದು ಸುಮ್ಮಸುಮ್ಮನೆ ಒತ್ತಿದ. "ಸಾರ್, ಕಂಡಾಗ ಮಾತ್ರ ಒತ್ತಿ" ಎಂದಳು ನರ್ಸು. ಆಮೇಲೆ ಕಣ್ಣಿಗೆ ಔಷಧಿಯ ಹನಿ ಬಿಟ್ಟು, ಡಾಕ್ಟರ್ ಕರೆಯುವವರೆಗೆ ಕೂತಿರಲು ಹೇಳಿದಳು.

ಬೆಂಚಿನ ಮೇಲೆ ಅವನ ಪಕ್ಕದಲ್ಲಿ ಕಪ್ಪು ಕನ್ನಡಕದ ಒಬ್ಬರು ಕೂತಿದ್ದರು. ಅವರ ಹೆಂಡತಿ ಅವರ ಬಾಯಿಗೆ ಬಿಸ್ಕತ್ತು ಹಿಡಿಯುತ್ತಿದ್ದಳು. ಜಾವೀದ್ ತನ್ನ ಹೆಸರು ಕರೆಯುವ ಮೊದಲೇ ಎದ್ದು, ಮೆಟ್ಟಿಲಿಳಿದು, ರಸ್ತೆಗೆ ಬಂದುಬಿಟ್ಟ. ಔಷಧಿಯಿಂದ ಹಿಗ್ಗಿದ ಕಣ್ಣಿಗೆ ಮಧ್ಯಾಹ್ನದ ಬಿಸಿಲು ಸುಣ್ಣದ ನೀರು ಎರಚಿದಂತೆ ಸುರಿಯಿತು. ಬಸ್ಸಿನ ಬೋರ್ಡು ಓದಲಾಗಲಿಲ್ಲ. ಯಾರನ್ನೋ ಕೇಳಿ ಸ್ಟೇಷನ್ನಿಗೆ ಹೋದ. ಅದು ಔಷಧಿಯ ಪರಿಣಾಮ ಎಂದು ನರ್ಸು ಹೇಳಿದ್ದಳು, ಆದರೆ ಅವನ ಮನಸ್ಸು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಅಂದಿನಿಂದ ಆಸ್ಪತ್ರೆಯ ನಂಬರಿನಿಂದ ಫೋನ್ ಬಂದಾಗಲೆಲ್ಲ ಎತ್ತದೆ ಬಿಟ್ಟ.

ಇನ್ನು ಹೀಗೆ ನಡೆಸುವುದಾಗದು ಎಂದು ಅವನು ತೀರ್ಮಾನಿಸಿದ. ತರೀಕೆರೆಯಲ್ಲಿ ತೀರ್ಥೇಶ್ ಎಂಬ ಫೋಟೋಗ್ರಾಫರ್ ಇದ್ದ. ಇವನಿಗಿಂತ ಚಿಕ್ಕವನು, ಕೆಲಸದಲ್ಲಿ ಪೈಪೋಟಿ ಇದ್ದರೂ ಕಷ್ಟಕ್ಕೆ ಆಗುವವನು. ಒಪ್ಪಿಕೊಂಡ ಮದುವೆಗಳನ್ನು ಅವನಿಗೆ ವಹಿಸಿ, ಕ್ಯಾಮೆರಾವನ್ನೂ ಅವನಿಗೇ ಮಾರಿಬಿಡುವುದು. ಆಮೇಲೆ ಮನೆಯಲ್ಲಿ ಹೇಳುವುದು. ಬೈಕನ್ನು ಮನೆಯಲ್ಲೇ ಬಿಟ್ಟು, ಚೀಲವನ್ನು ಎದೆಗವಚಿಕೊಂಡು, ತರೀಕೆರೆಯ ಬಸ್ಸು ಹತ್ತಿದ. ಬೀರೂರು ದಾಟಿದ ಮೇಲೆ ಕಿಟಕಿಯಿಂದ ಹೊರಗೆ ನೋಡುತ್ತ, ಜೋಳದ ಹೊಲ, ತೆಂಗಿನ ಸಾಲು, ಗೇಟಿನ ಹತ್ತಿರ ನಿಂತ ಹುಡುಗಿಯ ಕೆಂಪು ರಿಬ್ಬನ್ನು, ಎಲ್ಲವನ್ನೂ ಹೊಟ್ಟೆಬಾಕನಂತೆ ನುಂಗಿಕೊಂಡ.

ತೀರ್ಥೇಶನ ಸ್ಟುಡಿಯೋ ಒಂದು ಹಳೆ ಕಟ್ಟಡದ ನೆಲಮಹಡಿಯಲ್ಲಿತ್ತು. ಅಂದು ಕರೆಂಟ್ ಇರಲಿಲ್ಲ. ಒಂದು ಎಮರ್ಜೆನ್ಸಿ ದೀಪ ಮಾತ್ರ ಉರಿಯುತ್ತಿತ್ತು.

"ಏನ್ ಜಾವೀದಣ್ಣ, ಇಂಥ ಒಳ್ಳೆ ಕ್ಯಾಮೆರಾ ಯಾಕ್ ಮಾರ್ತೀಯಾ? ತಗೊಂಡು ಇನ್ನೂ ವರ್ಷ ಆಗಿಲ್ಲ ಅಂತಿದ್ದೆ."

"ಈ ಕೆಲ್ಸ ಸಾಕಾಯ್ತು ಕಣೋ. ಬೇರೆ ಏನಾದ್ರೂ ನೋಡ್ಬೇಕು."

ತೀರ್ಥೇಶ್ ನಂಬದವನಂತೆ ತಲೆಯಾಡಿಸಿ, ಕ್ಯಾಮೆರಾ ಎತ್ತಿಕೊಂಡ. ಹಿಂದೆ ಇವರಿಬ್ಬರ ಬಳಿಯೂ ಕನ್ನಡಿಯ ಕ್ಯಾಮೆರಾಗಳಿದ್ದವು. ಅವುಗಳ ಕಿಂಡಿಯಲ್ಲಿ ಎದುರಿನದ್ದು ಕನ್ನಡಿಯಿಂದ ಹಾಯ್ದು ನೇರವಾಗಿ ಕಣ್ಣಿಗೆ ಬರುತ್ತಿತ್ತು. ಈ ಹೊಸದರಲ್ಲಿ ಕನ್ನಡಿ ಇಲ್ಲ, ಲೆನ್ಸಿಗೆ ಕಂಡದ್ದನ್ನು ಕಿಂಡಿಯೊಳಗಿನ ಪುಟ್ಟ ಪರದೆ ತೋರಿಸುತ್ತದೆ. ತೀರ್ಥೇಶ್ ಅದನ್ನು ಕಣ್ಣಿಗಿಟ್ಟು ಗೋಡೆಯ ಫೋಟೋಗಳ ಮೇಲೆ, ಬಾಗಿಲ ಮೇಲೆ, ಜಾವೀದನ ಮುಖದ ಮೇಲೆ ಆಡಿಸಿದ. ಗುಂಡಿ ಅದುಮುತ್ತ ಬಿಡುತ್ತ ಬಹಳ ಹೊತ್ತು ನೋಡಿದ. ಜಾವೀದ್ ನೆಲ ನೋಡುತ್ತ ಕೂತಿದ್ದ.

"ಇದೇನೋ ಇದು? ಕತ್ತಲಾಯ್ತಲ್ಲ!"

ಜಾವೀದ್ ತಲೆ ಎತ್ತಿದ. "ಏನಂದೆ?"

"ಅರ್ಧ ಒತ್ತಿದ್ರೆ ಎಲ್ಲಾ ಕಪ್ಪಾಗ್ತದೆ. ಮಣ್ಣು ಎರಚ್ದಂಗೆ ಕಾಣ್ತದೆ. ಬಿಟ್ರೆ ಸರಿಯಾಗ್ತದೆ."

"ಯಾರಿಗೆ ಕಪ್ಪಾಗ್ತದೆ?"

"ಯಾರಿಗೆ ಅಂದ್ರೆ? ನೋಡ್ತಿರೋನು ನಾನೇ ಅಲ್ವಾ?" ತೀರ್ಥೇಶನ ದನಿ ಏರಿತು. "ಓಹೋ, ಈಗ ಗೊತ್ತಾಯ್ತು ಯಾಕೆ ಮಾರಕ್ಕೆ ಬಂದೆ ಅಂತ. ಕೆಟ್ಟೋಗಿರೋ ಕ್ಯಾಮೆರಾ ನನ್ನ ತಲೆಗೆ ಕಟ್ಟಕ್ಕೆ ಬಂದ್ಯಾ? ಇಷ್ಟು ವರ್ಷದ ಸ್ನೇಹಕ್ಕೆ ಇದೇನಾ ನೀನು ಮಾಡೋದು? ನಾಚಿಕೆ ಆಗ್ಬೇಕು ಕಣಯ್ಯಾ ನಿನಗೆ!"

ಜಾವೀದ್ ಎದ್ದು ಅವನ ಎರಡೂ ತೋಳು ಹಿಡಿದುಕೊಂಡ. "ಇನ್ನೊಂದ್ಸಲ ಹೇಳು. ನಿನಗೂ ಕತ್ತಲಾಯ್ತಾ? ನಿನ್ನ ಕಣ್ಣಿಗೆ?"

"ಆಯ್ತು ಅಂದ್ನಲ್ಲ!"

"ಬೈಯಿ. ಇನ್ನೂ ಬೈಯಿ ಕಣೋ" ಎಂದ ಜಾವೀದ್, ಮತ್ತು ಅಲ್ಲೇ ಅವನ ಭುಜಕ್ಕೆ ಹಣೆ ಒತ್ತಿ ಬಿಕ್ಕಿಬಿಕ್ಕಿ ಅತ್ತ. ಮೋಸಗಾರ ಎನ್ನಿಸಿಕೊಂಡು ಇಷ್ಟು ಸುಖಪಟ್ಟ ಮನುಷ್ಯನನ್ನು ತೀರ್ಥೇಶ್ ಕಂಡಿರಲಿಲ್ಲ. ಗಾಬರಿಯಾಗಿ ಅವನನ್ನು ಕೂರಿಸಿ, ನೀರು ಕೊಟ್ಟು, ನಿಧಾನಕ್ಕೆ ಎಲ್ಲವನ್ನೂ ಕೇಳಿ ತಿಳಿದುಕೊಂಡ.

ಆಮೇಲೆ ಇಬ್ಬರೂ ಸೇರಿ ಲೆನ್ಸನ್ನು ಪರೀಕ್ಷಿಸಿದರು. ಎಮರ್ಜೆನ್ಸಿ ದೀಪವನ್ನು ಹತ್ತಿರ ಹಿಡಿದು, ಜಾವೀದ್ ಗುಂಡಿ ಅದುಮಿದಾಗ, ತೀರ್ಥೇಶ್ ಲೆನ್ಸಿನ ಬಾಯಿಯೊಳಗೆ ನೋಡಿದ. ಬೆಳಕು ಒಳಗೆ ಬಿಡುವ ಅಪರ್ಚರ್ ರಂಧ್ರದ ಸುತ್ತ ತೆಳ್ಳನೆಯ ಕಪ್ಪು ರೆಕ್ಕೆಗಳಿವೆ. ಫೋಕಸ್ ಹಿಡಿಯುವಾಗ ಅವು ಅಗಲವಾಗಿ ತೆರೆದುಕೊಂಡು ಇರಬೇಕು. ಈ ಲೆನ್ಸಿನಲ್ಲಿ, ಗುಂಡಿ ಅರ್ಧ ಒತ್ತಿದ ಕೂಡಲೇ ಅವು ಬೆಚ್ಚಿಬಿದ್ದಂತೆ ಮುಚ್ಚಿಕೊಂಡು ಸೂಜಿತೂತಿನಷ್ಟಾಗಿ ನಡುಗುತ್ತಿದ್ದವು. ಪೂರ್ತಿ ಒತ್ತಿದಾಗ, ಫೋಟೋ ಬೀಳುವ ಗಳಿಗೆಗೆ ಮತ್ತೆ ಸರಿಯಾಗಿ ತೆರೆದುಕೊಳ್ಳುತ್ತಿದ್ದವು.

"ಅದಕ್ಕೇ ಫೋಟೋ ಬೆಳಕಾಗೇ ಬರ್ತದೆ" ಎಂದ ತೀರ್ಥೇಶ್. "ಲೆನ್ಸ್ ಬಿಸಿಯಾದ್ಮೇಲೆ, ಫೋಕಸ್ ಹುಡುಕೋವಾಗ ಮಾತ್ರ ಪಾಪ ಅದಕ್ಕೂ ಕತ್ತಲು, ನಿನಗೂ ಕತ್ತಲು. ಬಿಸಿಲಲ್ಲಿ ಈ ಪರದೆ ತಾನೇ ಬೆಳಕು ಜಾಸ್ತಿ ಮಾಡ್ಕೊಂಡು ಮುಚ್ಚಿಹಾಕ್ತದೆ, ಗೊತ್ತೇ ಆಗಲ್ಲ." ತನ್ನ ಲೆನ್ಸನ್ನು ಅದೇ ಕ್ಯಾಮೆರಾಕ್ಕೆ ಹಾಕಿ ಕೊಟ್ಟ. ಜಾವೀದ್ ಕಣ್ಣಿಗಿಟ್ಟು ಅದುಮಿದ. ಮಬ್ಬುಗತ್ತಲೆಯ ಆ ಕೋಣೆಯಲ್ಲಿ ತೀರ್ಥೇಶನ ಗಡ್ಡದ ಒಂದೊಂದು ಕೂದಲೂ ಕಂಡಿತು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಪಕ್ಕದ ಅಪರಿಚಿತನಿಗೂ ಹೇಳಿಬಿಡಬೇಕೆನಿಸಿತು. ಮನೆಗೆ ಬಂದವನೇ ಸುಮಯ್ಯಳನ್ನು ಕೂರಿಸಿಕೊಂಡು, ಮಂಟಪದ ಕತ್ತಲಿನಿಂದ ಹಿಡಿದು ತೀರ್ಥೇಶನ ಬೈಗುಳದವರೆಗೆ ನಗುತ್ತ ಹೇಳಿದ. ಅವಳು ನಗಲಿಲ್ಲ.

"ಇಷ್ಟು ದಿನ ಇದನ್ನ ಒಬ್ರೇ ಹೊತ್ಕೊಂಡು ಓಡಾಡಿದ್ರಿ. ನಾನು ಏನೇನು ಅಂದ್ಕೊಂಡೆ ಗೊತ್ತಾ ನಿಮಗೆ? ನಿಮಗೆ ನಾನು ಬೇಡವಾದ್ನೇನೋ ಅಂದ್ಕೊಂಡೆ. ಗೋಡೆ ಹಿಡ್ಕೊಂಡು ನಡೆಯೋದು ನೋಡಿ, ಇವರಿಗೆ ತಲೆಗೇನೋ ಆಯ್ತು ಅಂತ ಹೆದರಿದೆ." ಸೆರಗಿನಿಂದ ಮೂಗು ಒರೆಸಿಕೊಂಡು ಮುಂದುವರಿಸಿದಳು. "ಬೆಳಗ್ಗೆ ಅಂಗಡಿ ನಂಬರಿಗೆ ಶಿವಮೊಗ್ಗದ ಆಸ್ಪತ್ರೆಯಿಂದ ಫೋನ್ ಬಂತು. ನೀವು ತರೀಕೆರೆಗೆ ಹೋದ ಮೇಲೆ. ಡಾಕ್ಟರಮ್ಮನೇ ಮಾತಾಡಿದ್ರು. ರಿಪೋರ್ಟ್ ನೋಡದೆ ಹೋಗಿದೀರಂತೆ, ಬರಲೇಬೇಕಂತೆ."

"ಇನ್ಯಾಕೆ? ಲೆನ್ಸ್ ಕೆಟ್ಟಿದ್ದು ಅಂತ ಗೊತ್ತಾಯ್ತಲ್ಲ. ನನ್ನ ಕಣ್ಣಿಗೇನೂ ಆಗಿಲ್ಲ."

"ಬರಲೇಬೇಕು ಅಂತ ಎರಡು ಸಲ ಹೇಳಿದ್ರು."

"ಹೋಗಲ್ಲ ಅಂದ್ನಲ್ಲ! ಒಂದು ಸಲ ಸತ್ತು ಬದುಕಿದೀನಿ, ಮತ್ತೆ ಅಲ್ಲಿಗೆ ಹೋಗಿ ಆ ಬೆಂಚಿನ ಮೇಲೆ ಕೂರಲ್ಲ. ನಕ್ಕೋ, ಬೇಡವೇ ಬೇಡ."

ಜಗುಲಿಯಿಂದ ಕೆಮ್ಮಿದ ಸದ್ದು ಕೇಳಿತು. ಗಫೂರ್ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಗೋಡೆ ಹಿಡಿದು ಒಳಗೆ ಬಂದು, ಮಗನ ಸದ್ದಿದ್ದ ಕಡೆ ಮುಖ ಮಾಡಿ ನಿಂತರು.

"ನನಗೂ ಹಿಂಗೇ ಆಯ್ತು ಬೇಟಾ. ಅಕ್ಷರ ಸೊಟ್ಟ ಬಂದಾಗ ಬ್ರಷ್ಷನ್ನ ಬೈದೆ. ಬಣ್ಣದ ಡಬ್ಬಿ ಎಸೆದೆ. ಅಂಗಡಿಯವನು ಕೆಟ್ಟ ಹಲಗೆ ಕೊಟ್ಟ ಅಂತ ಜಗಳ ಆಡ್ದೆ. ನಿಮ್ಮಮ್ಮಿ, ಬಷೀರುನ್ನೀಸಾ, ಒಂದು ಸಲ ಡಾಕ್ಟರ್ಗೆ ತೋರ್ಸಿ, ತೋರ್ಸಿ ಅಂತ ಕಾಲಿಗೆ ಬಿದ್ದಳು. ನನ್ನ ಕಣ್ಣಿಗೇನೂ ಆಗಿಲ್ಲ ಅಂದೆ. ಇದೇ ಮಾತು. ಈಗ ನೀನಂದೆಯಲ್ಲ, ಇದೇ ದನಿಯಲ್ಲಿ."

ಜಾವೀದ್ ತಂದೆಯ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದ.

"ನಾಳೆ ಮೂರೂ ಜನ ಹೋಗೋಣ" ಎಂದರು ಗಫೂರ್. "ನನ್ನನ್ನ ಕೈಹಿಡ್ಕೊಂಡು ಕರ್ಕೊಂಡೋಗು. ನೀನು ಓಡಿಹೋಗಕ್ಕಾಗಲ್ಲ."

ಮರುದಿನ ಮೂವರೂ ರೈಲಿನಲ್ಲಿ ಶಿವಮೊಗ್ಗಕ್ಕೆ ಹೋದರು. ಡಾಕ್ಟರ್ ಪಂಕಜಾಕ್ಷಿ ಐವತ್ತು ದಾಟಿದ ಹೆಂಗಸು. ಓಡಿಹೋದದ್ದಕ್ಕೆ ಮೊದಲು ಬೈದು, ಆಮೇಲೆ ಜಾವೀದನ ಕಣ್ಣುಗಳನ್ನು ಬಹಳ ಹೊತ್ತು ನೋಡಿದರು.

"ಕಣ್ಣಿನೊಳಗೆ ಒತ್ತಡ ಜಾಸ್ತಿ ಇದೆ. ಗ್ಲಾಕೋಮಾ. ಎಡಗಣ್ಣಿನ ನರ ಒಂಚೂರು ಸೊರಗಕ್ಕೆ ಶುರುವಾಗಿದೆ. ನಿಮ್ಮ ತಂದೆಯವರದ್ದೂ ಇದೇ ಇದ್ದಿರಬೇಕು."

ಸುಮಯ್ಯ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದಳು. ಜಾವೀದನಿಗೆ ಕೇಳಿದ್ದು ಅರ್ಥವಾಗಲು ಹೊತ್ತು ಹಿಡಿಯಿತು. "ಆದ್ರೆ ಮೇಡಮ್, ಕತ್ತಲಾಗಿದ್ದು ಲೆನ್ಸಿನಿಂದ. ನಾನೇ ನೋಡಿದೀನಿ, ನನ್ನ ಸ್ನೇಹಿತನೂ ನೋಡಿದಾನೆ."

"ಹೌದು, ನಿಮಗೆ ಕಂಡ ಕತ್ತಲಿಗೂ ಇದಕ್ಕೂ ಸಂಬಂಧ ಇಲ್ಲ. ಈ ಕಾಯಿಲೆ ಶುರುವಿನಲ್ಲಿ ಏನೂ ತೋರ್ಸಲ್ಲ. ನೋವಿಲ್ಲ, ಕತ್ತಲಿಲ್ಲ. ಗೊತ್ತಾಗೋ ಹೊತ್ತಿಗೆ ಅರ್ಧ ಹೋಗಿರ್ತದೆ, ಹೋದದ್ದು ವಾಪಸ್ ಬರಲ್ಲ. ನೀವು ಬೇರೆ ಯಾವುದಕ್ಕೋ ಹೆದ್ರಿಕೊಂಡು ಬಂದ್ರಿ, ಅಷ್ಟೇ. ದಿನಾ ಹನಿ ಬಿಟ್ಕೊಂಡು, ನಾನು ಹೇಳಿದಾಗ ಬಂದು ತೋರ್ಸಿದ್ರೆ, ಈಗ ಇರೋದನ್ನ ಉಳಿಸ್ಕೋಬಹುದು. ಫೋಟೋ ತೆಗೀರಿ, ಬೈಕ್ ಓಡ್ಸಿ. ಹನಿ ಮಾತ್ರ ಒಂದು ದಿನವೂ ತಪ್ಪಿಸ್ಬೇಡಿ."

ಗಫೂರ್ ಡಾಕ್ಟರ ದನಿ ಬಂದ ಕಡೆ ಮುಖ ಮಾಡಿ, "ಅಮ್ಮಾ, ನಾನೂ ಆವಾಗ ಬಂದಿದ್ರೆ?" ಎಂದು ಕೇಳಿದರು.

ಡಾಕ್ಟರ್ ಅವರ ಕಡೆ ತಿರುಗಿ ಹೇಳಿದರು: "ಉಳೀತಿತ್ತೇನೋ ಅಜ್ಜಾ. ಸುಳ್ಳು ಹೇಳಲ್ಲ."

ಗಫೂರ್ ತಲೆಯಾಡಿಸಿದರು. ಅವರ ಕೈ ಮಗನ ತೊಡೆಯ ಮೇಲೆ ಇತ್ತು. ಅದು ಅಲ್ಲಿಂದ ಕದಲಲಿಲ್ಲ.

ಏಳುವಾಗ ಡಾಕ್ಟರ್ ಇನ್ನೊಂದು ಮಾತು ಹೇಳಿದರು. "ಇದು ರಕ್ತಸಂಬಂಧದಲ್ಲಿ ಬರ್ತದೆ. ಅಣ್ಣ ತಮ್ಮ ಯಾರಾದ್ರೂ ಇದ್ದಾರಾ? ಅವ್ರನ್ನೂ ಕರ್ಕೊಂಡ್ಬನ್ನಿ. ಮಗಳಿಗೂ ಒಂದ್ಸಲ ನೋಡಿಸಿ."

ಜಾವೀದನ ತಮ್ಮ ರಿಯಾಜ್ ಅಜ್ಜಂಪುರದಲ್ಲಿದ್ದ. ಸ್ವಂತ ಟೆಂಪೋ ಇಟ್ಟುಕೊಂಡು, ಈರುಳ್ಳಿ, ತೆಂಗಿನಕಾಯಿ ಲೋಡು ಹೊಡೆಯುತ್ತಿದ್ದ. ಆಸ್ಪತ್ರೆಯ ಮೆಟ್ಟಿಲ ಮೇಲಿಂದಲೇ ಜಾವೀದ್ ಫೋನ್ ಮಾಡಿದ. ರಿಯಾಜ್ ನಕ್ಕ. "ನನಗೇನಾಗಿದೆ ಭಾಯ್? ರಾತ್ರಿ ಹೊತ್ತು ಚಿತ್ರದುರ್ಗಕ್ಕೆ ಹೋಗಿ ಬತ್ತೀನಿ. ಹದ್ದಿನ ಕಣ್ಣು ನನ್ನದು." ಮಾರನೆಯ ದಿನ ಮಾಡಿದಾಗ ಲೋಡು ಇದೆ ಎಂದ. ಅದರ ಮಾರನೆಯ ದಿನ ಫೋನ್ ಎತ್ತಲಿಲ್ಲ. ಫೋನ್ ಎತ್ತದಿರುವುದೆಂದರೆ ಏನೆಂದು ಜಾವೀದನಿಗೆ ಚೆನ್ನಾಗಿ ಗೊತ್ತಿತ್ತು. ಹಳೆಯ ಭಯ ಮತ್ತೆ ಎದ್ದಿತು, ಈ ಸಲ ಬೇರೊಬ್ಬನಿಗಾಗಿ.

ಬೆಳಗಿನ ಮೊದಲ ಬಸ್ಸಿಗೆ ಅಜ್ಜಂಪುರಕ್ಕೆ ಹೋದ. ರಿಯಾಜ್ ಟೆಂಪೋ ಸ್ಟಾರ್ಟ್ ಮಾಡುತ್ತಿದ್ದ. ಜಾವೀದ್ ಒಂದು ಮಾತೂ ಆಡದೆ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತ.

"ಶಿವನಿ ಊರಿಗೆ ಹೋಗ್ತಿದೀನಿ ಭಾಯ್, ಕಾಯಿ ಇಳಿಸ್ಬೇಕು."

"ಹೋಗು. ನಾನೂ ಬತ್ತೀನಿ."

"ಆಮೇಲೆ ತರೀಕೆರೆ."

"ಅಲ್ಲಿಗೂ ಬತ್ತೀನಿ. ನೀನು ಶಿವಮೊಗ್ಗಕ್ಕೆ ಬರೋವರೆಗೂ ಇಲ್ಲಿಂದ ಇಳಿಯಲ್ಲ."

ರಿಯಾಜ್ ಬೈದ. ಜಾವೀದ್ ಬೈಸಿಕೊಂಡ. ಶಿವನಿಯಲ್ಲಿ ಕಾಯಿ ಇಳಿಸಲು ಕೈ ಹಚ್ಚಿದ, ಸ್ಟೇಷನ್ ಹತ್ತಿರ ಟೀ ಕುಡಿಸಿದ, ಮತ್ತೆ ಬಂದು ಸೀಟಿನಲ್ಲಿ ಕೂತ. ತರೀಕೆರೆಯ ದಾರಿಯಲ್ಲಿ, ಎಡಗಡೆಯ ಕಾಲುದಾರಿಯಿಂದ ಸೈಕಲ್ಲೊಂದು ರಸ್ತೆಗೆ ಬಂತು. ಜಾವೀದ್ ಅದನ್ನು ಎಷ್ಟೋ ದೂರದಿಂದ ನೋಡುತ್ತಲೇ ಇದ್ದ. ರಿಯಾಜ್ ಬ್ರೇಕ್ ಹಾಕಿದ್ದು ಜಾವೀದ್ ಕೂಗಿದ ಮೇಲೆ. ಟೆಂಪೋ ಅಡ್ಡಕ್ಕೆ ಎಳೆದುಕೊಂಡು ನಿಂತಿತು. ಸೈಕಲ್ಲಿನ ಮುದುಕ ಶಾಪ ಹಾಕುತ್ತ ಮುಂದೆ ಹೋದ.

"ಎಲ್ಲಿಂದ ಬಂದ ಇವನು?" ಎಂದ ರಿಯಾಜ್.

ಜಾವೀದ್ ಎಡಗಡೆಯ ಕಾಲುದಾರಿಯನ್ನು ಬೆರಳು ಮಾಡಿ ತೋರಿಸಿದ. ರಿಯಾಜ್ ಎಂಜಿನ್ ಆಫ್ ಮಾಡಿದ. ಆಮೇಲೆ ಕೇಳಿದ: "ನಿನಗೆ ಹೆಂಗೆ ಗೊತ್ತಾಯ್ತು ಭಾಯ್?"

"ಗೊತ್ತಾಗ್ಲಿಲ್ಲ ಕಣೋ. ಗೊತ್ತಾಗಲ್ಲ. ಅದಕ್ಕೇ ಹಿಂಗೆ ನಿನ್ನ ಹಿಂದೆ ಬಿದ್ದಿರೋದು."

ತರೀಕೆರೆಯಲ್ಲಿ ತೀರ್ಥೇಶನ ಸ್ಟುಡಿಯೋ ಮುಂದೆ ಟೆಂಪೋ ನಿಲ್ಲಿಸಿ, ಬೀಗದ ಕೈಯನ್ನು ಅವನಿಗೆ ಕೊಟ್ಟು, ಅಣ್ಣ ತಮ್ಮ ಶಿವಮೊಗ್ಗದ ಬಸ್ಸು ಹತ್ತಿದರು.

ಹದ್ದಿನ ಕಣ್ಣಿನವನ ರಿಪೋರ್ಟು ಅಣ್ಣನದಕ್ಕಿಂತ ಕೆಟ್ಟದಾಗಿತ್ತು. ಎಡಗಣ್ಣಿನ ಹೊರಗಿನ ಅಂಚು ಆಗಲೇ ಹೋಗಿತ್ತು. ಬಲಗಣ್ಣು ಉಳಿಸಿಕೊಳ್ಳಬಹುದು, ಹನಿಯಿಂದ ಆಗದಿದ್ದರೆ ಆಪರೇಷನ್ ಮಾಡೋಣ, ಸದ್ಯಕ್ಕೆ ಗಾಡಿ ಓಡಿಸಬೇಡಿ ಎಂದರು ಪಂಕಜಾಕ್ಷಿ. ಹೊರಗೆ ಬೆಂಚಿನ ಮೇಲೆ ರಿಯಾಜ್ ಹನಿಯ ಬಾಟಲಿಯನ್ನು ಬೆರಳುಗಳ ನಡುವೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಫೋನ್ ತೆಗೆದು ಹೆಂಡತಿಯ ಹೆಸರು ಒತ್ತಿ, ತಕ್ಷಣ ಕಟ್ ಮಾಡಿದ.

"ಏನಂತ ಹೇಳ್ಲಿ ಭಾಯ್? ನನ್ನ ಬಾಯಿಂದ ಬರ್ತಿಲ್ಲ."

ಜಾವೀದ್ ಫೋನನ್ನು ಅವನ ಕೈಯಿಂದ ತೆಗೆದುಕೊಂಡು, ತಾನೇ ನಂಬರ್ ಒತ್ತಿದ. ಅತ್ತ ಕಡೆ ರಿಯಾಜನ ಹೆಂಡತಿಯ ದನಿ ಕೇಳಿದಾಗ, ತಮ್ಮನ ಭುಜದ ಮೇಲೆ ಕೈಯಿಟ್ಟು, ಮೊದಲಿನಿಂದ ಎಲ್ಲವನ್ನೂ ಇದ್ದದ್ದು ಇದ್ದ ಹಾಗೇ ಹೇಳಲು ಶುರು ಮಾಡಿದ.